ಚಿಕ್ಕಮ್ಮ ಹೇಳಿದ ಸುಳ್ಳು

ಆ ಸಾಲು ಬಂದಾಗ, ಮೊಣಕಾಲ ಮೇಲೆ ತಾಳ ಹಾಕುತ್ತಿದ್ದ ಅಜ್ಜಿ ಅನಸೂಯಮ್ಮನ ಬೆರಳು ನಿಂತಿತು. ತನುಜ ಓದು ನಿಲ್ಲಿಸಿದಳು. ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿಯನ್ನು ಅವಳು ಸಂಜೆಯೊಳಗೆ ಪ್ರಕಾಶಕರಿಗೆ ಕಳಿಸಬೇಕಿತ್ತು. ಅದಕ್ಕೂ ಮೊದಲು, ಕಾವ್ಯವಾಚನ ಕೇಳುತ್ತಲೇ ಬೆಳೆದ ಅಜ್ಜಿಗೆ ಓದಿ ಹೇಳುತ್ತಿದ್ದಳು. ಇದಿನ್ನೂ ಮೂರನೇ ಅಧ್ಯಾಯ. ಕಳ್ಳನ ಗುಟ್ಟು ಈಗಲೇ ಬಯಲಾದರೆ ಪುಸ್ತಕ ಕೆಟ್ಟಂತೆಯೇ.

"ಇನ್ನೊಂದ್ಸಲ ಓದಮ್ಮ."

"'ಗುಡಿಯ ದೀಪ ಕಳುವಾದಾಗ ನಾನು ರೇಷ್ಮೆಹುಳುಗಳಿಗೆ ಸೊಪ್ಪು ಹಾಕ್ತಿದ್ದೆ' ಅಂದಳು ಚಿಕ್ಕಮ್ಮ."

"ಹುಳು ಜ್ವರಕ್ಕೆ ಕೂತವೆ ಅಂತ ನೀನೇ ಈಗ್ತಾನೆ ಓದ್ದೆ. ಪೊರೆ ಬಿಡೋವಾಗ ಅವು ತಿನ್ನಲ್ಲ, ಸೊಪ್ಪು ಯಾರು ಹಾಕ್ತಾರೆ? ಸುಳ್ಳು ಹೇಳ್ತಾವಳೆ ಕಣೇ."

"ಹಂಗಾದ್ರೆ ಕಳ್ಳಿ ಅವಳೇನಾ ಅಜ್ಜಿ?" ತನುಜ ಕೇಳಿದಳು. ಓದುಗರ ದಾರಿ ತಪ್ಪಿಸಲೆಂದೇ ಆ ಸುಳ್ಳನ್ನು ಅಲ್ಲಿಟ್ಟಿದ್ದಳು.

"ಅವಳೆಲ್ಲಿ ಕದೀತಾಳೆ ಬಿಡು. ದಿನಾ ಹುಳು ಸಾಕೋಳ ಬಾಯಲ್ಲಿ ಇಂಥ ಸುಳ್ಳು ಬರ್ಬೇಕಾದ್ರೆ, ಯಾರಿಗೋ ಹೆದರವಳೆ ಪಾಪ. ಯಾರಿಗಮ್ಮ?"

ತನುಜ ಕೊನೆಯ ಪುಟದವರೆಗೂ ಲ್ಯಾಪ್‌ಟಾಪ್ ಪರದೆ ಸರಿಸಿದಳು. ದೀಪ ಸಿಕ್ಕಿತ್ತು. ಕಳ್ಳನೂ ಸಿಕ್ಕಿದ್ದ. ಚಿಕ್ಕಮ್ಮ ಮಾತ್ರ, ಮೂರನೇ ಅಧ್ಯಾಯದ ಆಚೆ ಎಲ್ಲೂ ಇರಲಿಲ್ಲ.