ಮೂರನೇ ತೊಟ್ಟಿಯ ಮೀನುಗಳು

ಚಿಕ್ಕಸಿದ್ದಮ್ಮ ಮೀನು ಕದಿಯುತ್ತಿದ್ದಾರೆ. ಕೇಳಲು ನನಗೆ ಬಾಯಿ ಬರುತ್ತಿಲ್ಲ. ಅನುಶ್ರೀ ದಿನಚರಿಯಲ್ಲಿ ಇಷ್ಟು ಬರೆದು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪುಟಕ್ಕೆ ಕೈ ಅಡ್ಡ ಇಟ್ಟಳು.

ಅವಳು ಸಂಶೋಧನೆ ಮಾಡುತ್ತಿದ್ದ ಹುಣಸೂರಿನ ಪ್ರಯೋಗಾಲಯದಲ್ಲಿ ನಾಲ್ಕು ಗಾಜಿನ ತೊಟ್ಟಿಗಳು. ಒಂದರಲ್ಲಿ ಬರೀ ನೀರು. ಎರಡನೆಯದರಲ್ಲಿ ಸೀಸ ಬೆರೆತ ನೀರು. ಮೂರನೆಯದರಲ್ಲಿ ಸೀಸದ ಜೊತೆ ನ್ಯಾನೋ ಪುಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಸೀಸವನ್ನು ಹಿಡಿದಿಟ್ಟು ಮೀನನ್ನು ಉಳಿಸಬೇಕು. ಮೂರರಲ್ಲೂ ಹತ್ತು ಹತ್ತು ಗೆಂಡೆ ಮೀನಿನ ಮರಿ. ನಾಲ್ಕನೆಯದರಲ್ಲಿ ಅದೇ ಜಾತಿಯ ಮೀಸಲು ಮರಿಗಳು. ಕಳುವಾಗುತ್ತಿದ್ದುದು ಅಲ್ಲಿಂದ. ಬೀಗದ ಕೈ ಇದ್ದುದು ಕಸ ಗುಡಿಸುವ ಚಿಕ್ಕಸಿದ್ದಮ್ಮನ ಬಳಿ. ಬೆಳಿಗ್ಗೆ ಅವಳ ಸೆರಗು ಒದ್ದೆಯಾಗಿರುತ್ತಿತ್ತು.

ಎರಡನೇ ತೊಟ್ಟಿಯವು ಮೊದಲ ವಾರವೇ ಸತ್ತಿದ್ದವು. ಅವನ್ನು ಎತ್ತಿ ಹಾಕುತ್ತಾ ಅನುಶ್ರೀ ಬಿಕ್ಕಿದ್ದಳು. ಮೂರನೆಯದರಲ್ಲಿ ಮಾತ್ರ ತಿಂಗಳಾದರೂ ಹತ್ತಕ್ಕೆ ಹತ್ತೂ ಈಜುತ್ತಿದ್ದವು.

ಅವಳ ಮಾರ್ಗದರ್ಶಕ ಉಮಾಶಂಕರ ಸರ್ ಹಿಗ್ಗಿಹೋಗಿದ್ದರು. ಕೆ.ಆರ್. ನಗರದ ಕಡೆಯ ಅವಳೂರಿನ ಕೆರೆಗೆ, ಹಳೇ ಬ್ಯಾಟರಿ ಕರಗಿಸುವ ಶೆಡ್ಡಿನಿಂದ ಸೀಸ ಇಳಿದಿತ್ತು. ಅವಳಪ್ಪ ಸಣ್ಣಬೀರಯ್ಯ ಅಲ್ಲೇ ಮೀನು ಸಾಕಿದ್ದ. ಸೋಮವಾರ ಕೆರೆಗೆ ಇದೇ ಪುಡಿ ಸುರಿಯುವುದೆಂದು ತೀರ್ಮಾನವಾಗಿತ್ತು. ನನ್ನ ಮಗಳು ಕಂಡುಹಿಡಿದ ಮದ್ದು ಅಂತ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಸೋಮವಾರ ಅವಳು ಬೇಗ ಬಂದಳು. ಚಿಕ್ಕಸಿದ್ದಮ್ಮನ ಕೈ ಮೀಸಲು ತೊಟ್ಟಿಯೊಳಗಿತ್ತು. ಮುಷ್ಟಿಯಲ್ಲೊಂದು ಮರಿ ಒದ್ದಾಡುತ್ತಿತ್ತು.

“ಮೀನು ಸಾರಿಗಾ ಅಮ್ಮ?” ಅನುಶ್ರೀ ಕೇಳಿಯೇಬಿಟ್ಟಳು.

ಅಷ್ಟರಲ್ಲಿ ಫೋನು. ಕೆರೆ ಏರಿಯ ಮೇಲಿಂದ ಅಪ್ಪ. ಮೂಟೆ ಬಿಚ್ಚಿದ್ದಾಗಿದೆ, ಸರ್ ಕೂಡ ಇಲ್ಲೇ ನಿಂತಿದ್ದಾರೆ, ಮೊದಲ ಮಾತು ನಿನ್ನ ಬಾಯಿಂದಲೇ ಬರಲಿ ಎಂದ. “ನೀ ಊಂ ಅಂದ್ರೆ ಸುರ್ದುಬುಡ್ತೀವಿ ಕಣವ್ವ.”

ಇತ್ತ ಚಿಕ್ಕಸಿದ್ದಮ್ಮ ನಗುತ್ತಿದ್ದಳು. “ಈ ಕಡ್ಡಿಯಂತವ ಯಾರು ತಿಂದಾರು ಕೂಸೇ? ಅವತ್ತು ನೀ ಅತ್ತಿದ್ದ ನನ್ ಕೈಲಿ ನೋಡಕ್ಕಾಗ್ನಿಲ್ಲ. ಅದ್ಕೇ ದಿನಾ ನೀ ಬರೋದ್ರೊಳಗೆ ಸತ್ತಿದ್ದ ಎಸ್ದು, ಅದ್ರ ಜಾಗಕ್ಕೆ ಬದುಕಿದ್ದ ಬುಡ್ತೀನಿ.”

ಅವಳು ಮುಷ್ಟಿ ಬಿಚ್ಚಿದಳು. ಮರಿ ಮೂರನೇ ತೊಟ್ಟಿಗೆ ಬಿತ್ತು.

ಫೋನಿನಲ್ಲಿ ಅಪ್ಪ ಕಾಯುತ್ತಿದ್ದ. ಅವನ ಹಿಂದೆ ಊರಿನವರ ಗದ್ದಲ.

“ಸುರೀಬ್ಯಾಡ ಕಣಪ್ಪ,” ಎಂದಳು ಅನುಶ್ರೀ. “ನನ್ನ ಮೀನು ಒಂದೂ ಉಳಿದಿಲ್ಲ.”