ಇಪ್ಪತ್ತು ಬಸ್ಕಿ

ಕರೋನಾ ಬಂದು ಊರಿಗೇ ಬೀಗ ಬಿದ್ದು ಮೂರು ವಾರವಾಗಿತ್ತು. ನೀಲಗಂಗವ್ವನಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯದಿದ್ದರೆ ಕಾಲು ಜೋಮು ಹಿಡಿಯುತ್ತಿದ್ದವು. ಎರಡು ಖೋಲಿ, ಆರು ಮಂದಿ, ಆ ಮನೆಯಲ್ಲಿ ಎಲ್ಲಿ ನಡೆಯುವುದು? ಒಂದು ಮುಂಜಾನೆ ಮಾಸ್ಕು ಕಟ್ಟಿ, ಸೆರಗು ಸೊಂಟಕ್ಕೆ ಸಿಗಿಸಿ ಹೊರಬಿದ್ದಳು.

ಓಣಿಯ ಬಾಯಲ್ಲಿ ಹರೆಯದ ಪೊಲೀಸ ಲಾಠಿ ಅಡ್ಡ ಹಿಡಿದ.

"ಎಲ್ಲಿಗೆ ಹೊಂಟೀಯವ್ವಾ? ಹಾಲಿಗೋ, ಔಷಧಕ್ಕೋ?"

"ಎಲ್ಲಿಗೂ ಇಲ್ಲಪಾ. ಅಡ್ಡಾಡಾಕ ಬಂದೇನಿ."

"ಮಂದಿ ಸಾಯಾಕತ್ತಾರ, ನಿನಗ ವಾಕಿಂಗ್ ಬೇಕಾತೇನು?"

"ಸಾಯಬಾರದಂತನ ಅಡ್ಡಾಡಾಕತ್ತೇನಿ."

ಅವನಿಗೆ ಸಿಟ್ಟು ಬಂತು. "ಸುಮ್ಮನ ಹೊರಗ ಬಂದೋರಿಗೆ ಇಪ್ಪತ್ತು ಬಸ್ಕಿ ಹೊಡಸ್ತೀವಿ. ವಯಸ್ಸಾದಾಕಿ ಅಂತ ಬಿಟ್ಟೇನಿ. ನಡಿ ಮನಿಗೆ."

"ಯಾಕ ಬಿಡ್ತಿ? ಎಣಸು."

ಆಕೆ ಎರಡೂ ಕಿವಿ ಹಿಡಿದು ನಡುಬೀದಿಯಲ್ಲಿ ಕೂತೆದ್ದಳು. ಮೊಣಕಾಲು ಲಟಲಟ ಅಂದವು. ಪೊಲೀಸ ಇಪ್ಪತ್ತಕ್ಕೆ ಎಣಿಕೆ ನಿಲ್ಲಿಸಿದ, ಆಕೆ ನಿಲ್ಲಿಸಲಿಲ್ಲ.

"ಸಾಕು ಬಿಡವ್ವಾ!"

"ನಿನಗ ಸಾಕಾಗಿರಬೇಕು. ನನಗಿನ್ನೂ ಆಗಿಲ್ಲ."

ಮೂವತ್ತಾದ ಮೇಲೆ ಬೆವರು ಒರೆಸಿಕೊಂಡು ಮನೆಗೆ ನಡೆದಳು. ಮೂರು ವಾರದಲ್ಲಿ ಮೊದಲ ಸಲ ಕಾಲು ಹಗುರಾಗಿದ್ದವು. ಸಂಜೆಯೊಳಗೆ ಸುದ್ದಿ ಓಣಿಯ ಮನೆಮನೆಗೂ ಮುಟ್ಟಿತು. 'ಈ ವಯಸ್ಸಿನಾಗ ಹೆಂಗಸಿಗೆ ಎಂಥಾ ಮಾನಗೇಡು' ಎಂದು ಗಂಡಸರು ಲೊಚಗುಟ್ಟಿದರು.

ಮರುದಿನ ಮುಂಜಾನೆ ಆಕೆ ಮತ್ತೆ ಸೆರಗು ಸಿಗಿಸಿ ಓಣಿಯ ಬಾಯಿಗೆ ಬಂದಾಗ, ಹದಿನಾಲ್ಕು ಹೆಂಗಸರು ಮಾಸ್ಕು ಕಟ್ಟಿಕೊಂಡು, ಮಾರುದೂರ ಬಿಟ್ಟು ಸಾಲಾಗಿ ನಿಂತು, ತಮ್ಮ ಕಿವಿ ತಾವೇ ಹಿಡಿದುಕೊಂಡು, "ಲಗೂ ಎಣಸೋ ತಮ್ಮಾ" ಎಂದು ಪೊಲೀಸನಿಗೆ ಅವಸರ ಮಾಡುತ್ತಿದ್ದರು.