ನಡುವಿನ ಕುರ್ಚಿ

"ಅವಳನ್ನ ಒಳಗೆ ಕರ್ಕೊಂಡು ಬಾ," ಎಂದ ಮೇಜರ್, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತ.

ಅದೇ ಕೋಣೆ. ಪುರಸಭೆಯ ಹಳೆಯ ಕಚೇರಿ, ಕಾಲು ಅಲುಗುವ ಮೇಜು, ಒಡೆದ ಕಿಟಕಿಗೆ ಹೊಡೆದ ರಟ್ಟು. ಕಳೆದ ವರ್ಷ ಊರು ಆಚೆಯವರ ಕೈಯಲ್ಲಿದ್ದಾಗ ಈ ಕುರ್ಚಿಯಲ್ಲಿ ಅವರ ಕ್ಯಾಪ್ಟನ್ ಕೂತಿದ್ದ. ಎದುರಿನ ಸ್ಟೂಲಿನ ಮೇಲೆ ಕೈ ಕಟ್ಟಿಸಿಕೊಂಡು ಮೇಜರ್. ಈಗ ಊರು ಮತ್ತೆ ಈಚೆಯವರದು; ಕ್ಯಾಪ್ಟನ್ ಕೆಳಗಿನ ಗೋದಾಮಿನಲ್ಲಿ ಸೆರೆಯಾಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಈ ಊರೆಂಬ ಕೂಸು ಬಡವಾದದ್ದಲ್ಲದೆ, ಯಾರನ್ನು ಅಪ್ಪ ಎನ್ನಬೇಕೆಂಬುದನ್ನೂ ಮರೆತಿತ್ತು.

ಯಾರು ಗೆದ್ದರೂ ಜಾಗ ಬದಲಾಗದವಳು ಒಬ್ಬಳೇ, ಟೀಚರಮ್ಮ. ಯುದ್ಧಕ್ಕೆ ಮುಂಚೆ ಶಾಲೆಯಲ್ಲಿ ಆಚೆಯವರ ಭಾಷೆ ಕಲಿಸುತ್ತಿದ್ದಳು. ಊರಿನಲ್ಲಿ ಎರಡೂ ಭಾಷೆ ಬಲ್ಲವರು ಬೇರೆ ಯಾರೂ ಇಲ್ಲ. ಹಿಡಿದವನಿಗೂ ಸಿಕ್ಕಿಬಿದ್ದವನಿಗೂ ನಡುವೆ ಕುರ್ಚಿ ಹಾಕಿಕೊಂಡು, ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ದಾಟಿಸುವುದೇ ಅವಳ ಕೆಲಸ. ಇವತ್ತು ಆ ಕುರ್ಚಿ ಹಾಕಿರಲಿಲ್ಲ. ಅವಳನ್ನು ನಿಲ್ಲಿಸಿದ್ದರು.

ಬಾಗಿಲಲ್ಲಿ ಊರಿನ ಜನ ನೂಕಾಡುತ್ತಿದ್ದರು. ದರ್ಜಿಯ ಅತ್ತೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ನನ್ನ ಅಳಿಯನ್ನ ಹಿಡ್ಕೊಂಡು ಬಂದಾಗ ಇವಳು ಅವರ ಪಕ್ಕದಲ್ಲೇ ಕೂತು ಗಿಳಿ ಥರ ಮಾತಾಡಿದಳು ಸ್ವಾಮಿ."

"ಅವನನ್ನ ಏನು ಮಾಡಿದ್ರು?"

"ಸಂಜೆಗೆ ಬಿಟ್ಟು ಕಳಿಸಿದ್ರು. ಅದು ನಮ್ಮ ಮನೆದೇವರ ಪುಣ್ಯ, ಇವಳ ಉಪಕಾರ ಅಲ್ಲ. ದ್ರೋಹಿ ಇವಳು."

ಆ ಪದ ಕಿವಿಗೆ ಬಿದ್ದೊಡನೆ ಮೇಜರನ ಕೈ ಎದೆಯ ಮೇಲಿನ ಪದಕಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೆಯೇ. ಸದ್ಯ, ಯಾರೂ ನೋಡಲಿಲ್ಲ.

ಜನರನ್ನು ಹೊರಗಟ್ಟಿಸಿದ. ಸಾರ್ಜೆಂಟ್ ಮಾತ್ರ ಬಾಗಿಲ ಬಳಿ ಉಳಿದ.

ಆ ಪದಕ ಬಂದದ್ದು ಬಾಯಿ ಬಿಡದಿದ್ದುದಕ್ಕೆ. ನಿಜವೇನೆಂದರೆ ಮೇಜರ್ ಬಾಯಿ ಬಿಟ್ಟಿದ್ದ. ಕ್ಯಾಪ್ಟನ್ ಪಿಸ್ತೂಲನ್ನು ಮೇಜಿನ ಮೇಲಿಟ್ಟೊಡನೆ ಬಿಕ್ಕಿ ಬಿಕ್ಕಿ ಅತ್ತು, ತನ್ನ ಹುಡುಗರು ಬೆಳಗಿನ ಜಾವ ಗಿರಣಿಯ ಹತ್ತಿರ ಹೊಳೆ ದಾಟುತ್ತಾರೆಂದು ಒದರಿಬಿಟ್ಟಿದ್ದ. ಟೀಚರಮ್ಮ ಕೇಳಿಸಿಕೊಂಡು ಕ್ಯಾಪ್ಟನ್ ಕಡೆ ತಿರುಗಿ ಏನೋ ಹೇಳಿದಳು. ಕ್ಯಾಪ್ಟನ್ ಎದ್ದು ಬಂದು ಮೇಜರನ ಕೆನ್ನೆಗೆ ಬಾರಿಸಿದ. ಎಲ್ಲ ಹೇಳಿದ ಮೇಲೂ ಏಕೆ ಹೊಡೆದನೋ ಮೇಜರನಿಗೆ ಇವತ್ತಿಗೂ ತಿಳಿಯದು. ಹುಡುಗರೇನೋ ಅಲ್ಲೇ ಹೊಳೆ ದಾಟಿದರು, ಒಂದು ಗುಂಡೂ ಹಾರಲಿಲ್ಲ. ಶತ್ರುಗಳು ದಡ್ಡರು, ತನ್ನ ಮಾತು ನಂಬಲಿಲ್ಲ ಎಂದುಕೊಂಡಿದ್ದ. ಆಮೇಲೆ ಸೆರೆಯಾಳುಗಳ ಅದಲು ಬದಲು, ಹೂಮಾಲೆ, ಪದಕ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು.

ದೊಣ್ಣೆ ಮತ್ತೆ ಮೇಲೆದ್ದದ್ದು ಈಗ. ಇನ್ನು ಸ್ವಲ್ಪ ಹೊತ್ತಿಗೆ ಕರ್ನಲ್ ಸಾಹೇಬರು ತಮ್ಮದೇ ದುಭಾಷಿಯನ್ನು ಕರೆದುಕೊಂಡು ಕ್ಯಾಪ್ಟನ್‌ನ ವಿಚಾರಣೆಗೆ ಬರುವವರಿದ್ದರು. ಅವನು ಏನು ಬೊಗಳಿದರೂ ಚಿಂತೆಯಿಲ್ಲ, ಶತ್ರುವಿನ ಹೊಟ್ಟೆಕಿಚ್ಚು ಎಂದುಬಿಡಬಹುದು. ಆದರೆ ನಮ್ಮವಳೇ ಒಬ್ಬಳು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದರೆ ಪದಕ ಹೋಗುತ್ತದೆ, ಅದರ ಹಿಂದೆಯೇ ತಲೆಯೂ.

"ಕಳೆದ ವರ್ಷ ಇಲ್ಲಿ ಆಡಿದ ಮಾತು," ಮೇಜರ್ ದನಿ ತಗ್ಗಿಸಿದ, "ಯಾರಿಗಾದ್ರೂ ಹೇಳಿದ್ದೀಯಾ?"

ಅವಳು ಸಾರ್ಜೆಂಟ್ ಕಡೆ ಒಮ್ಮೆ ನೋಡಿದಳು.

"ನೀವು ಹೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ ಸಾರ್. ಯಾರಿಗೂ ಅಂದ್ರೆ ಯಾರಿಗೂ."

"ಮುಂದೆ ಹೇಳಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ಹೇಳೋ ಹಾಗಿದ್ರೆ ಅವತ್ತೇ ಹೇಳ್ತಿದ್ದೆ." ಅವಳು ಕೈ ಮುಗಿದಳು. "ಬೇಡ್ಕೋತೀನಿ, ನನ್ನನ್ನ ಏನಾದ್ರೂ ಮಾಡೋ ಮುಂಚೆ ಆ ಕ್ಯಾಪ್ಟನ್‌ನ ಒಂದು ಮಾತು ಕೇಳಿ. ಅವತ್ತು ನೀವೇನು ಅಂದ್ರಿ ಅಂತ ಅವನೇ ಹೇಳ್ತಾನೆ."

ಮೇಜರನ ಮೈಯೆಲ್ಲ ಉರಿದುಹೋಯಿತು. ತನ್ನೆದುರೇ ನಿಂತು, ಸಾರ್ಜೆಂಟ್ ಕೇಳುವಂತೆ, ಬೆದರಿಕೆ ಹಾಕುತ್ತಿದ್ದಾಳೆ. ಎಷ್ಟು ಕೊಬ್ಬು ಇವಳಿಗೆ.

"ಹಿತ್ತಲಿಗೆ ಕರ್ಕೊಂಡು ಹೋಗು," ಎಂದ ಸಾರ್ಜೆಂಟ್‌ಗೆ. "ಈಗಲೇ."

ಅವಳು ಬಾಯಿ ತೆರೆದಳು, ಸಾರ್ಜೆಂಟ್‌ನನ್ನು ನೋಡಿದಳು, ಮತ್ತೆ ಮುಚ್ಚಿದಳು. ಹೋಗುವಾಗ ಕೊರಳ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

ಗುಂಡಿನ ಸದ್ದಿಗೆ ಕಿಟಕಿಯ ರಟ್ಟು ಅದುರಿತು. ಮೇಜರ್ ಒಂದು ಲೋಟ ನೀರು ಕುಡಿದ. ಎದೆಯ ಮೇಲಿನ ಬಂಡೆ ಇಳಿಸಿದಂತಾಗಿತ್ತು.

ಕರ್ನಲ್ ಬಂದರು. ಅವರ ದುಭಾಷಿ, ಕನ್ನಡಕದ ಯುವಕ, ನಡುವೆ ಕುರ್ಚಿ ಹಾಕಿಕೊಂಡ. ಕ್ಯಾಪ್ಟನ್‌ನನ್ನು ತಂದು ಸ್ಟೂಲಿನ ಮೇಲೆ ಕೂರಿಸಿದರು. ಸೊರಗಿದ್ದ, ಗಡ್ಡ ಬೆಳೆದಿತ್ತು. ಮೇಜರನನ್ನು ಕಂಡವನೇ ಗುರುತು ಹಿಡಿದ. ಬೊಗಳಲಿ, ಎಂದುಕೊಂಡ ಮೇಜರ್, ಈಗ ಸಾಕ್ಷಿಗೆ ಯಾರಿದ್ದಾರೆ.

ಕ್ಯಾಪ್ಟನ್ ಸ್ಟೂಲಿನಿಂದ ಎದ್ದು ನಿಂತು ಮೇಜರನಿಗೆ ಸೆಲ್ಯೂಟ್ ಹೊಡೆದು, ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದ. ಕರ್ನಲ್ ಹುಬ್ಬೇರಿಸಿದರು. "ಏನಂತೆ ಇವನದು?"

ದುಭಾಷಿ ಕೇಳಿಸಿಕೊಂಡು ತಿರುಗಿದ. "ಇಂಥ ಗಂಡಸನ್ನ ಎಲ್ಲೂ ನೋಡಿಲ್ಲ ಅಂತಾನೆ ಸಾರ್. ಪಿಸ್ತೂಲು ತೋರಿಸಿದಾಗ ಮೇಜರ್ ಸಾಹೇಬ್ರು ಅಳ್ತಾ ಅಳ್ತಾನೇ, 'ನನ್ನನ್ನ ಕೊಂದುಹಾಕು, ನನ್ನ ಹುಡುಗರನ್ನ ಮಾತ್ರ ಮಾರಲ್ಲ' ಅಂದ್ರಂತೆ. ಸಿಟ್ಟು ಬಂದು ಕೆನ್ನೆಗೆ ಹೊಡೆದೆ, ಕ್ಷಮಿಸಬೇಕು ಅಂತಾನೆ. ಬೇಕಾದ್ರೆ ಅವತ್ತು ನಡುವೆ ಕೂತಿದ್ದ ಟೀಚರಮ್ಮನ್ನೇ ಕರೆಸಿ ಕೇಳಿ ಅಂತಿದ್ದಾನೆ."